ಎದೆಯುರಿಯ ಪರೀಕ್ಷೆಯೂ ಆ ದಿನದ ಊಟವೂ

ನಮ್ಮ ಮನೆಗಳಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೆಂದು ತಿಳಿದೊಡನೆ ಮೊಟ್ಟಮೊದಲು ಬದಲಾಗುವುದು ಅಡಿಗೆ. ಸಾರಿನ ಹುಳಿ ಕಡಮೆಯಾಗುವುದು, ಒಗ್ಗರಣೆಯ ಮೆಣಸಿನಕಾಯಿ ಮಾಯವಾಗುವುದು, ಅನ್ನ ಗಂಜಿಯಾಗುವುದು, ಮಜ್ಜಿಗೆಯ ಜಾಗಕ್ಕೆ ಹಾಲು ಬರುವುದು. ವೈದ್ಯರು ಬಾಯಿ ತೆರೆಯುವುದಕ್ಕೆ ಮುಂಚೆಯೇ ಮನೆಯ ಗೃಹಿಣಿ ಪಥ್ಯವನ್ನು ಆರಂಭಿಸಿರುತ್ತಾಳೆ. ಇದು ಅವಳ ವಾತ್ಸಲ್ಯದ ಗುರುತೇ ಹೊರತು ಬೇರೆಯಲ್ಲ; ಅದನ್ನು ಹಳಿಯುವ ಮನಸ್ಸು ನಮಗಿಲ್ಲ. ಆದರೆ ಅಂಥ ವಾತ್ಸಲ್ಯವೇ ಒಂದು ಪರೀಕ್ಷೆಯನ್ನು ಕೆಡಿಸಿದ ಸಂಗತಿಯನ್ನು ನಾವು ಹತ್ತಿರದಿಂದ ಕಂಡಿರುವುದರಿಂದ, ಅದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ನಮ್ಮ ಸೋದರಮಾವಂದಿರೊಬ್ಬರು ಬಹುವರ್ಷಗಳಿಂದ ಎದೆಯುರಿಯಿಂದ ನರಳುತ್ತಿದ್ದರು. ಊಟವಾದ ಗಂಟೆಯೊಳಗೆ ಎದೆಯ ಗೂಡಿನಲ್ಲಿ ಕೆಂಡವಿಟ್ಟಂತೆ ಉರಿ. ರಾತ್ರಿ ಮಲಗಿದರೆ ಗಂಟಲಿಗೆ ಹುಳಿನೀರು. ಅದರ ಬೆನ್ನಿಗೇ ಕೆಮ್ಮು. ಮಾತ್ರೆ ನುಂಗುತ್ತಿರುವವರೆಗೆ ಅಷ್ಟಿಷ್ಟು ಗುಣ, ಬಿಟ್ಟರೆ ಯಥಾಪ್ರಕಾರ. ಕಡೆಗೆ ಶಸ್ತ್ರಚಿಕಿತ್ಸೆಯ ಮಾತು ಬಂದಿತು. ಅದಕ್ಕೆ ಮೊದಲು, ಜಠರದ ಆಮ್ಲವು ನಿಜವಾಗಿಯೂ ಮೇಲಕ್ಕೆ ಬರುತ್ತಿದೆಯೆ, ಬಂದರೆ ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಅಳೆದು ನೋಡಬೇಕೆಂದು ವೈದ್ಯರು ಹೇಳಿದರು. ಮೂಗಿನ ಹೊಳ್ಳೆಯಿಂದ ಒಂದು ಸಣ್ಣ ನಳಿಗೆಯನ್ನು ಅನ್ನನಾಳಕ್ಕೆ ಇಳಿಸಿ, ಸೊಂಟಕ್ಕೆ ಒಂದು ಚಿಕ್ಕ ಪೆಟ್ಟಿಗೆಯನ್ನು ಕಟ್ಟಿ, ಮರುದಿನ ಅದೇ ಹೊತ್ತಿಗೆ ಬರುವಂತೆ ತಿಳಿಸಿ ಮನೆಗೆ ಕಳುಹಿಸಿದರು. ಸೂಚನೆಗಳ ಕಾಗದವೊಂದನ್ನೂ ಕೊಟ್ಟಿದ್ದರು. ಅದು ಇಂಗ್ಲಿಷಿನಲ್ಲಿದ್ದುದರಿಂದ, ಮಡಿಸಿ ಪಂಚಾಂಗದೊಳಗೆ ಇಡಲ್ಪಟ್ಟಿತು.

ಆ ದಿನ ನಮ್ಮ ಅತ್ತೆಯವರು ಅವರಿಗೆ ಕೊಟ್ಟದ್ದು ಮಧ್ಯಾಹ್ನ ಹಾಲು ಹಾಕಿದ ಗಂಜಿ, ಮೂರು ಗಂಟೆಗೆ ಒಂದು ಲೋಟ ಹಾಲು, ಸಂಜೆ ಏಳು ಹೊಡೆಯುವುದರೊಳಗಾಗಿ ಮೆತ್ತನೆಯ ಅನ್ನ ಮತ್ತು ಹೆಸರುಬೇಳೆಯ ತೊವ್ವೆ. ತಲೆಯ ಕೆಳಗೆ ಎರಡು ದಿಂಬು ಹೆಚ್ಚಾಗಿ ಬಂದವು. ಮಾವನವರಾದರೋ, ಮೂಗಿನಲ್ಲಿ ನಳಿಗೆಯನ್ನಿಟ್ಟುಕೊಂಡು ಬೀದಿಗೆ ಇಳಿಯಲು ನಾಚಿ, ಹಗಲೆಲ್ಲ ಒರಗುಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದರು. ಮರುದಿನ ಪೆಟ್ಟಿಗೆಯ ಲೆಕ್ಕವನ್ನು ನೋಡಿದಾಗ ಆಮ್ಲವು ಮೇಲಕ್ಕೆ ಬಂದ ಕಾಲ ಅತ್ಯಲ್ಪವೆಂದು ಕಂಡುಬಂತು. ಹಾಗಾದರೆ ಉರಿ ಎಲ್ಲಿಂದ? ವೈದ್ಯರು ಸ್ವಲ್ಪ ಹೊತ್ತು ಯೋಚಿಸಿ, “ನಿನ್ನೆ ಏನು ಊಟ ಮಾಡಿದಿರಿ?” ಎಂದು ಕೇಳಿದರು. ಅತ್ತೆಯವರು ಹೆಮ್ಮೆಯಿಂದಲೇ ಎಲ್ಲವನ್ನೂ ವಿವರಿಸಿದರು. “ಅಮ್ಮಾ, ನಾನು ಅಳೆಯಲು ಹೊರಟದ್ದು ಇವರ ದಿನವನ್ನು, ನೀವು ನನಗೆ ತೋರಿಸಿದ್ದು ಪಥ್ಯದ ದಿನವನ್ನು” ಎಂದರು ವೈದ್ಯರು. ಹಣವೂ ಹೋಯಿತು, ಮೂಗಿನ ಸಂಕಟವೂ ವ್ಯರ್ಥವಾಯಿತು, ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಯಿತು.

ಇಲ್ಲಿ ನಡೆದದ್ದೇನೆಂಬುದು ತಿಳಿಯಬೇಕಾದರೆ ಈ ರೋಗದ ಬಗೆಯನ್ನೂ ಅದನ್ನು ಅಳೆಯುವ ಬಗೆಯನ್ನೂ ಸ್ವಲ್ಪ ಅರಿತಿರಬೇಕು.

ಬಾಯಿಂದ ಜಠರಕ್ಕೆ ಹೋಗುವ ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಮಾಂಸದ ಕೊಳವೆ. ಅದರ ಕೆಳತುದಿಯಲ್ಲಿ, ಕೈಚೀಲದ ಬಾಯಿಗೆ ಎಳೆದಿರುವ ದಾರದಂತೆ, ಒಂದು ಸ್ನಾಯುವಿನ ಬಿಗಿತವಿದೆ. ತುತ್ತು ಬಂದಾಗ ಅದು ಸಡಿಲವಾಗಿ, ಅನಂತರ ಮುಚ್ಚಿಕೊಳ್ಳುವುದು. ತುತ್ತು ಇಲ್ಲದಾಗಲೂ ಆಗಾಗ್ಗೆ ಸಡಿಲವಾಗುವುದುಂಟು. ತೇಗು ಬರುವುದು ಹೀಗೆಯೇ. ಅಂಥ ಸಮಯದಲ್ಲಿ ಜಠರದೊಳಗಿನ ಹುಳಿರಸ ಒಂದಿಷ್ಟು ಮೇಲಕ್ಕೆ ಬರುವುದು ಆರೋಗ್ಯವಂತರಲ್ಲಿಯೂ ಸಹಜ. ಜಠರದ ಒಳಗೋಡೆ ಆಮ್ಲವನ್ನು ತಾಳಬಲ್ಲುದು. ಅನ್ನನಾಳದ ಗೋಡೆಗೆ ಆ ಶಕ್ತಿಯಿಲ್ಲ. ಮೇಲಕ್ಕೆ ಬಂದ ಆಮ್ಲವನ್ನು ಅನ್ನನಾಳವು ಅಲೆಯಂತೆ ಹಿಂಡಿ ಕೆಳಕ್ಕೆ ತಳ್ಳುವುದು. ಉಳಿದದ್ದನ್ನು ನಾವು ನುಂಗುವ ಜೊಲ್ಲು ತೊಳೆಯುವುದು, ಏಕೆಂದರೆ ಜೊಲ್ಲಿನಲ್ಲಿ ಕ್ಷಾರವಿದೆ. ನಿದ್ರೆಯಲ್ಲಿ ಜೊಲ್ಲು ಹೆಚ್ಚುಕಡಮೆ ನಿಂತೇಹೋಗುವುದು, ನುಂಗುವುದೂ ಅಪರೂಪವಾಗುವುದು. ಆದಕಾರಣ ರಾತ್ರಿ ಬಂದ ಆಮ್ಲ ಬಹಳ ಹೊತ್ತು ನಿಂತು ಸುಡುತ್ತದೆ. ನಮ್ಮ ಪೂರ್ವಿಕ ವೈದ್ಯರಿಗೂ ಈ ಬಾಧೆ ಅಪರಿಚಿತವಾಗಿರಲಿಲ್ಲ. ಕಾಶ್ಯಪಸಂಹಿತೆಯಲ್ಲಿಯೂ ಮಾಧವನಿದಾನದಲ್ಲಿಯೂ ಅಮ್ಲಪಿತ್ತವೆಂಬ ವ್ಯಾಧಿಯ ವಿವರಣೆಯಿದೆ.

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂಬುದನ್ನು 1824ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ವಿಲಿಯಂ ಪ್ರೌಟ್. ಆ ಕಾಲದಲ್ಲಿಯೇ ಅಮೆರಿಕದ ಸೈನ್ಯದ ವೈದ್ಯರಾದ ವಿಲಿಯಂ ಬೋಮಾಂಟರಿಗೆ ಒಬ್ಬ ವಿಚಿತ್ರ ರೋಗಿ ದೊರೆತಿದ್ದನು. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಬಂದೂಕಿನ ಏಟು ತಗುಲಿ, ಗಾಯ ಮಾಯ್ದ ಮೇಲೂ ಹೊಟ್ಟೆಯಲ್ಲಿ ಜಠರದವರೆಗೆ ಒಂದು ರಂಧ್ರ ಉಳಿದುಹೋಯಿತು. ಬೋಮಾಂಟರು ಮಾಂಸದ ಚೂರು, ರೊಟ್ಟಿಯ ಚೂರುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ರಂಧ್ರದಿಂದ ಇಳಿಸಿ, ಗಂಟೆಗೊಮ್ಮೆ ಎಳೆದು ನೋಡಿ, 1833ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಜಠರರಸವನ್ನು ತಿಳಿಯಬೇಕಾದರೆ ಅನ್ನದೊಡನೆಯೇ ತಿಳಿಯಬೇಕೆಂಬುದು ಅಂದಿನಿಂದಲೂ ಸ್ಪಷ್ಟವಾಗಿದೆ.

ಹುಳಿಯನ್ನು ಅಂಕಿಯಲ್ಲಿ ಹೇಳುವ ಉಪಾಯವು ಬಂದದ್ದು ಆಸ್ಪತ್ರೆಯಿಂದಲ್ಲ, ಬಿಯರ್ ಮದ್ಯದ ಕಾರ್ಖಾನೆಯಿಂದ. ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್‌ಸೆನ್ ಎಂಬ ವಿಜ್ಞಾನಿ 1909ರಲ್ಲಿ ‘ಪಿ.ಎಚ್.’ ಎಂಬ ಅಳತೆಯನ್ನು ಸೂಚಿಸಿದರು. ಶುದ್ಧವಾದ ನೀರಿಗೆ 7. ಅದಕ್ಕಿಂತ ಅಂಕಿ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಅದೂ ಒಂದು ಮೆಟ್ಟಿಲಿಗೆ ಹತ್ತು ಮಡಿಯಂತೆ. 4ಕ್ಕಿಂತ 3 ಹತ್ತು ಪಾಲು ಹುಳಿ, 2 ನೂರು ಪಾಲು. ಬರಿಯ ಹೊಟ್ಟೆಯ ಜಠರರಸವು 1ರಿಂದ 2ರ ಸುಮಾರಿನಲ್ಲಿರುವುದು.

ಅನ್ನನಾಳದಲ್ಲಿ ಈ ಅಳತೆಯನ್ನು ಬಹಳ ಹೊತ್ತು ಬಿಡದೆ ತೆಗೆಯುವ ಕ್ರಮವನ್ನು 1969ರಲ್ಲಿ ಬ್ರಿಟನ್ನಿನ ಸ್ಪೆನ್ಸರ್ ಎಂಬ ಶಸ್ತ್ರವೈದ್ಯರು ವರ್ಣಿಸಿದರು. 1974ರಲ್ಲಿ ಅಮೆರಿಕದ ಜಾನ್ಸನ್ ಮತ್ತು ಡಿಮೀಸ್ಟರ್ ಅದನ್ನು 24 ಗಂಟೆಗಳ ಪರೀಕ್ಷೆಯಾಗಿ ಕ್ರಮಪಡಿಸಿದರು. ಅಳೆಯುವ ಮೊನೆಯು ಕೆಳಗಿನ ಬಿಗಿತದ ಮೇಲಂಚಿನಿಂದ 5 ಸೆಂಟಿಮೀಟರ್ ಮೇಲೆ ನಿಲ್ಲುವಂತೆ ನಳಿಗೆಯನ್ನು ಇಳಿಸುವರು. ಕೆಲವು ಸೆಕೆಂಡುಗಳಿಗೊಮ್ಮೆ ಅಳತೆ ಪೆಟ್ಟಿಗೆಯಲ್ಲಿ ಗುರುತಾಗುವುದು. ಪಿ.ಎಚ್. 4ಕ್ಕಿಂತ ಕೆಳಗಿಳಿದ ಹೊತ್ತನ್ನೆಲ್ಲ ಕೂಡಿಸಿ, ಅದು ಇಡೀ ಕಾಲದಲ್ಲಿ ನೂರಕ್ಕೆ ಎಷ್ಟೆಂದು ಲೆಕ್ಕ ಹಾಕುವರು. ಫ್ರಾನ್ಸಿನ ಲಿಯೋನ್ ನಗರದ ಹೆಸರಿನಿಂದ ಕರೆಯಲಾಗುವ, 2018ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಪ್ರಕಾರ, ನೂರಕ್ಕೆ 4ಕ್ಕಿಂತ ಕಡಮೆಯಿದ್ದರೆ ಸಹಜ, 6ಕ್ಕಿಂತ ಹೆಚ್ಚಾದರೆ ರೋಗ. ನಡುವೆ ಇದ್ದರೆ ಬೇರೆ ಸಾಕ್ಷ್ಯವನ್ನು ಹುಡುಕಬೇಕು.

ಈ ಅಂಕಿಗಳನ್ನು ನಿಮಿಷಗಳಿಗೆ ತಿರುಗಿಸಿ ನೋಡಿದರೆ ವಿಷಯ ಮನಸ್ಸಿಗೆ ನಾಟುವುದು. ದಿನಕ್ಕೆ 1440 ನಿಮಿಷ. ನೂರಕ್ಕೆ 4 ಎಂದರೆ 58 ನಿಮಿಷಕ್ಕೆ ಸ್ವಲ್ಪ ಕಡಮೆ. ನೂರಕ್ಕೆ 6 ಎಂದರೆ 86 ನಿಮಿಷ. ‘ರೋಗವಿಲ್ಲ’ ಎಂಬುದಕ್ಕೂ ‘ರೋಗವಿದೆ’ ಎಂಬುದಕ್ಕೂ ನಡುವೆ ಇರುವುದು ಅರ್ಧ ಗಂಟೆಗಿಂತ ಕಡಮೆ ಹೊತ್ತು. ಅಷ್ಟು ಹೊತ್ತನ್ನು ಒಂದು ಲೋಟ ಪಾನಕ ಕೂಡಿಸಬಲ್ಲುದು, ಒಂದು ದಿನದ ಗಂಜಿ ಕಳೆಯಬಲ್ಲುದು. ಈ ಲೆಕ್ಕದ ಮೇಲೆ ಒಬ್ಬನು ಜೀವಮಾನವೆಲ್ಲ ಮಾತ್ರೆ ನುಂಗಬೇಕೇ, ಇಲ್ಲವೇ 1956ರಲ್ಲಿ ರುಡಾಲ್ಫ್ ನಿಸ್ಸೆನ್ ಪ್ರಕಟಿಸಿದ ಕ್ರಮದಲ್ಲಿ ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಸುತ್ತಿ ಹೊಲಿಸಿಕೊಳ್ಳಬೇಕೇ ಎಂಬುದು ನಿರ್ಣಯವಾಗಬಹುದು.

ಮೊದಲು ಕೂಡಿಸುವ ತಪ್ಪನ್ನು ನೋಡೋಣ. ಅನ್ನನಾಳದಲ್ಲಿ ಕುಳಿತಿರುವ ಮೊನೆಗೆ ಹುಳಿ ಮಾತ್ರ ತಿಳಿಯುವುದು. ಅದು ಕೆಳಗಿನಿಂದ ಬಂದುದೋ ಮೇಲಿನಿಂದ ಬಂದುದೋ ಎಂಬುದು ತಿಳಿಯದು. ನಿಂಬೆಯ ರಸದ ಪಿ.ಎಚ್. 2ರಿಂದ 2.5, ಕೋಲಾ ಎಂಬ ಬಾಟಲಿಯ ಪಾನೀಯಗಳದ್ದು 2.5ರ ಸುಮಾರು, ಹುಣಿಸೆಯ ಹಣ್ಣಿನ ತಿರುಳು 3ರ ಆಸುಪಾಸು, ಕಿತ್ತಳೆಯ ರಸ 3.5ರಿಂದ 4. ಇವು ಗಂಟಲಿನಿಂದ ಕೆಳಗಿಳಿಯುವಾಗ ಮೊನೆಯನ್ನು ಸೋಕಿಯೇ ಹೋಗಬೇಕು. ಸೋಕಿದೊಡನೆ ಪೆಟ್ಟಿಗೆಯು ‘ಆಮ್ಲ ಬಂದಿತು’ ಎಂದು ಬರೆದುಕೊಳ್ಳುವುದು. ಹುಳಿಯಾದ ಆಹಾರಪಾನೀಯಗಳು ಹೀಗೆ ರೋಗವನ್ನು ಅನುಕರಿಸುವುವೆಂದು ಡೊನಾಲ್ಡ್ ಕ್ಯಾಸ್ಟೆಲ್ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟಿದ್ದಾರೆ. ಮೊಸರು 4ರಿಂದ 4.5, ತಕ್ಕಾಳಿಯೂ ಸುಮಾರಾಗಿ ಅಷ್ಟೇ. ಇವು ಗಡಿಯ ಮೇಲೆ ನಿಂತಿರುವ ಪದಾರ್ಥಗಳು. ಹಾಲು, ಅನ್ನ, ಮುದ್ದೆ, ರೊಟ್ಟಿಗಳಿಂದ ಈ ಬಗೆಯ ಭಯವಿಲ್ಲ. ನಮ್ಮ ಸಾರು ಹುಳಿಗಳಲ್ಲಿ ಹುಣಿಸೆಯು ಬೇಳೆಯೊಡನೆಯೂ ನೀರಿನೊಡನೆಯೂ ಬೆರೆತು ಸೌಮ್ಯವಾಗುವುದಾದರೂ, ಒಂದೊಂದು ಮನೆಯ ಸಾರು ಒಂದೊಂದು ಬಗೆ; ಅದಕ್ಕೆ ಒಂದೇ ಅಂಕಿಯನ್ನು ಹೇಳುವಂತಿಲ್ಲ.

ಹಾಗಾದರೆ ಆ ದಿನ ಸಾರನ್ನೇ ಬಿಡಬೇಕೆ ಎಂದು ಗೃಹಿಣಿಯರು ಕೇಳಬಹುದು. 1974ರ ಕ್ರಮದಲ್ಲಿ ಪಿ.ಎಚ್. 5ಕ್ಕಿಂತ ಮೇಲಿರುವ ಆಹಾರವನ್ನು ಮಾತ್ರ ಕೊಡುವ ನಿಯಮವಿತ್ತು. ಈಗ ಬಹುಮಟ್ಟಿಗೆ ಇನ್ನೊಂದು ದಾರಿ ಹಿಡಿದಿದ್ದಾರೆ: ರೋಗಿಯು ತನ್ನ ವಾಡಿಕೆಯ ಊಟವನ್ನೇ ಮಾಡಲಿ, ಆದರೆ ಊಟ ಆರಂಭಿಸಿದ ಹೊತ್ತನ್ನೂ ಮುಗಿಸಿದ ಹೊತ್ತನ್ನೂ ಪೆಟ್ಟಿಗೆಯ ಗುಂಡಿಯೊತ್ತಿ ಗುರುತಿಸಲಿ, ಆ ಹೊತ್ತನ್ನು ಲೆಕ್ಕದಿಂದಲೇ ಬಿಟ್ಟುಬಿಡುವರು. ನಮಗೆ ಇದೇ ವಿವೇಕವಾದ ದಾರಿಯೆಂದು ತೋರುತ್ತದೆ. ಎಲೆಯ ಮುಂದೆ ಕುಳಿತು ಉಂಡ ಹುಣಿಸೆಯಿಂದ, ಗುರುತಿದ್ದರೆ, ಯಾವ ಹಾನಿಯೂ ಇಲ್ಲ. ಹಾನಿಯಿರುವುದು ಎಲೆಯ ಹೊರಗೆ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಒಂದು ಲೋಟ ನಿಂಬೆಯ ಪಾನಕವನ್ನು ಪಕ್ಕದಲ್ಲಿಟ್ಟುಕೊಂಡು, ಪತ್ರಿಕೆ ಓದುತ್ತ, ಗುಟುಕು ಗುಟುಕಾಗಿ ಹೀರುವವರನ್ನು ನಾವು ಬಲ್ಲೆವು. ಅದನ್ನು ಅವರು ಊಟವೆಂದು ಎಣಿಸುವುದಿಲ್ಲ, ಬರೆಯುವುದೂ ಇಲ್ಲ. ಪೆಟ್ಟಿಗೆ ಮಾತ್ರ ಒಂದೊಂದು ಗುಟುಕನ್ನೂ ಬರೆಯುತ್ತದೆ. ಉಪ್ಪಿನಕಾಯಿಯ ಹೋಳನ್ನು ಚೀಪುವುದು, ನೆಲ್ಲಿಕಾಯಿಯನ್ನು ಬಾಯಲ್ಲಿಟ್ಟುಕೊಳ್ಳುವುದು, ಅಡಿಗೆಮನೆಯಲ್ಲಿ ಸಾರಿನ ರುಚಿ ನೋಡುವುದು ಇವೂ ಇದೇ ಜಾತಿ. ಪರೀಕ್ಷೆಗೆ ಒಳಗಾದವಳು ಮನೆಯ ಗೃಹಿಣಿಯೇ ಆಗಿದ್ದರೆ ಈ ಕಡೆಯ ಮಾತನ್ನು ನೆನಪಿಡಬೇಕು. ರುಚಿ ನೋಡುವ ಕೆಲಸವನ್ನು ಆ ಒಂದು ದಿನ ಮಗಳಿಗೋ ಸೊಸೆಗೋ ಒಪ್ಪಿಸಬಹುದು.

ಇದರ ತಿರುಗುಮುರುಗಾದ ತಪ್ಪೊಂದಿದೆ. ಊಟ ಮುಗಿದರೂ ‘ಮುಗಿಯಿತು’ ಎಂಬ ಗುಂಡಿಯನ್ನು ಒತ್ತಲು ಮರೆಯುವುದು. ಊಟವಾದ ಮೇಲಿನ ಒಂದೆರಡು ಗಂಟೆಗಳೇ ಆಮ್ಲವು ಮೇಲಕ್ಕೆ ಬರುವ ಮುಖ್ಯ ಕಾಲ. ಊಟವು ಎರಡು ಗಂಟೆ ನಡೆಯಿತೆಂದು ಪೆಟ್ಟಿಗೆ ತಿಳಿದರೆ, ಹುಡುಕುತ್ತಿದ್ದ ಕಳ್ಳನನ್ನು ಕೈಯಾರೆ ಹೊರಗೆ ಬಿಟ್ಟಂತಾಗುವುದು.

ದಿನಚರಿಯ ಕಾಗದವೂ ಇದಕ್ಕೇ ಸೇರಿದ್ದು. ತಿಂದದ್ದು, ಕುಡಿದದ್ದು, ಮಲಗಿದ್ದು, ಎದ್ದದ್ದು, ಉರಿ ಬಂದದ್ದು ಎಲ್ಲವನ್ನೂ ಗಂಟೆ ನಿಮಿಷಗಳ ಸಹಿತ ಬರೆಯತಕ್ಕದ್ದು. ಉರಿ ಬರುವುದಕ್ಕೆ ಹಿಂದಿನ 2 ನಿಮಿಷಗಳೊಳಗೆ ಆಮ್ಲ ಬಂದಿದ್ದರೆ ಮಾತ್ರ ಒಂದಕ್ಕೊಂದು ಸಂಬಂಧವಿದೆಯೆಂದು ವೈದ್ಯರು ಎಣಿಸುವರು. ಈಗ ನಮ್ಮ ಗೋಡೆಯ ಗಡಿಯಾರಗಳನ್ನು ನೆನೆಯಿರಿ! ಮಕ್ಕಳು ಶಾಲೆಗೆ ತಡಮಾಡಬಾರದೆಂದು ಹತ್ತು ನಿಮಿಷ ಮುಂದಿಟ್ಟ ಗಡಿಯಾರವನ್ನು ನೋಡಿ ಬರೆದ ದಿನಚರಿಯಿಂದ ಯಾವ ಉರಿಯೂ ಯಾವ ಆಮ್ಲಕ್ಕೂ ತಾಳೆಯಾಗದು. ಪೆಟ್ಟಿಗೆಯ ಮುಖದ ಮೇಲೆಯೇ ಒಂದು ಗಡಿಯಾರವಿರುತ್ತದೆ; ಅದನ್ನೇ ನೋಡಿ ಬರೆಯಬೇಕು. ಕನ್ನಡದಲ್ಲಿ ಬರೆದರೆ ಆಗುವುದೆ ಎಂದು ಸಂಕೋಚಪಡುವುದು ಬೇಡ. ತಪ್ಪು ಇಂಗ್ಲಿಷಿಗಿಂತ ಸರಿಯಾದ ಕನ್ನಡವನ್ನು ಓದಿಸಿಕೊಳ್ಳುವುದು ವೈದ್ಯರಿಗೂ ಸುಲಭ.

ಇನ್ನು ಕಳೆಯುವ ತಪ್ಪು. ನಮ್ಮ ಮಾವನವರದು ಈ ಬಗೆಯದು. ಹೊಟ್ಟೆ ತುಂಬ ಉಣ್ಣದೆ, ಎಣ್ಣೆಯ ಪದಾರ್ಥಗಳನ್ನು ಬಿಟ್ಟು, ಕಾಫಿಯನ್ನು ನಿಲ್ಲಿಸಿ, ಮಲಗುವುದಕ್ಕೆ ಮೂರು ಗಂಟೆ ಮುಂಚೆ ಊಟ ಮುಗಿಸಿ, ತಲೆಯನ್ನು ಎತ್ತರದಲ್ಲಿಟ್ಟು ಮಲಗುವುದು, ಇವೆಲ್ಲ ಆಮ್ಲವು ಮೇಲಕ್ಕೆ ಬರದಂತೆ ವೈದ್ಯರೇ ಹೇಳುವ ಉಪಾಯಗಳು. ಪರೀಕ್ಷೆಯ ದಿನ ಅವನ್ನೆಲ್ಲ ಒಟ್ಟಿಗೆ ನಡೆಸಿದರೆ ಪರೀಕ್ಷೆಯು ತೋರಿಸುವುದು ಚಿಕಿತ್ಸೆಯ ಗುಣವನ್ನು, ರೋಗವನ್ನಲ್ಲ. ಗೃಹಿಣಿಯರು ಮಾಡದಿದ್ದರೂ ಮೂಗಿನ ನಳಿಗೆಯೇ ಇದನ್ನು ಮಾಡಿಸುವುದುಂಟು. ನಳಿಗೆಯಿರುವ ದಿನ ಜನರು ತಮಗರಿವಿಲ್ಲದೆಯೇ ಕಡಮೆ ತಿನ್ನುವರು, ಕಡಮೆ ಓಡಾಡುವರು. ಇದನ್ನು 1999ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಗಳಲ್ಲಿ ಚರ್ಚಿಸಿದ್ದಾರೆ. ಬಗ್ಗಿ ಕಸ ಗುಡಿಸುವಾಗ ಉರಿ ಬರುತ್ತಿದ್ದವಳು ಆ ದಿನ ಕಸವನ್ನೇ ಗುಡಿಸದಿದ್ದರೆ ಪೆಟ್ಟಿಗೆಗೆ ತಿಳಿಯುವುದು ಹೇಗೆ?

ಹಾಲಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹಾಲೂ ಅನ್ನವೂ ಜಠರಕ್ಕೆ ಸೇರಿದಾಗ ಅಲ್ಲಿಯ ಆಮ್ಲವನ್ನು ಸ್ವಲ್ಪ ಹೊತ್ತು ಹೀರಿಕೊಳ್ಳುವುವು. ಆ ಕಾಲದಲ್ಲಿ ಮೇಲಕ್ಕೆ ಬಂದ ದ್ರವವು ಹುಳಿಯಾಗಿರದ ಕಾರಣ, ಬಂದಿದ್ದರೂ ಬಾರದಂತೆಯೇ ಲೆಕ್ಕವಾಗುವುದು. ಆದರೂ ಊಟವಾದೊಡನೆ ಉರಿ ಬರುವವರು ಎಷ್ಟೋ ಮಂದಿಯಿದ್ದಾರೆ. ಈ ಒಗಟಿಗೆ ಒಂದು ಉತ್ತರ 2001ರಲ್ಲಿ ಗ್ಲಾಸ್ಗೋದಿಂದ ಬಂದಿತು. ಉಂಡ ಅನ್ನದ ರಾಶಿಯ ಮೇಲೆ, ಅನ್ನನಾಳದ ಬಾಗಿಲಲ್ಲಿಯೇ, ಅನ್ನದೊಡನೆ ಬೆರೆಯದ ತೀಕ್ಷ್ಣವಾದ ಆಮ್ಲದ ತೆಳುಪದರವೊಂದು ನಿಂತಿರುವುದೆಂದು ಅಲ್ಲಿಯ ವೈದ್ಯರು ಕಂಡುಕೊಂಡರು. ಆದುದರಿಂದ ಊಟದಿಂದ ಆಮ್ಲವೆಲ್ಲ ಅಡಗುವುದೆಂದಲ್ಲ. ಆದರೆ ಗಂಟೆಗೊಮ್ಮೆ ಹಾಲು ಕುಡಿಯುತ್ತಿದ್ದರೆ ಅಳತೆ ಮಸುಕಾಗುವುದು ನಿಶ್ಚಯ. ಈ ಕೊರತೆಯನ್ನು ನೀಗಲು ಈಗ ನಳಿಗೆಯ ಉದ್ದಕ್ಕೂ ಉಂಗುರಗಳನ್ನಿಟ್ಟು, ವಿದ್ಯುತ್ತಿಗೆ ಉಂಟಾಗುವ ತಡೆಯನ್ನು ಅಳೆಯುವ ಕ್ರಮ ಬಂದಿದೆ. ಇಂಪೀಡೆನ್ಸ್ ಎಂದು ಅದರ ಹೆಸರು. ದ್ರವವು ಮೊದಲು ಮೇಲಿನ ಉಂಗುರವನ್ನು ಸೋಕಿದರೆ ನುಂಗಿದ್ದು, ಮೊದಲು ಕೆಳಗಿನದನ್ನು ಸೋಕಿದರೆ ಮರಳಿ ಬಂದದ್ದು. ಹುಳಿಯಿರಲಿ ಇಲ್ಲದಿರಲಿ ಅದು ಗುರುತಿಸುವುದು. ಎಲ್ಲ ಊರುಗಳಲ್ಲಿಯೂ ಅದು ದೊರೆಯುವುದಿಲ್ಲ.

ತಾಯಂದಿರು ಇಲ್ಲಿ ಶಿಶುಗಳನ್ನು ನೆನೆಯುವುದು ಸಹಜ. ಕೆಲವು ಗಂಟೆಗಳಿಗೊಮ್ಮೆ ಹಾಲನ್ನೇ ಕುಡಿಯುವ ಹಸುಗೂಸಿನ ಜಠರವು ದಿನದ ಬಹುಭಾಗ ಹುಳಿಯಾಗಿಯೇ ಇರುವುದಿಲ್ಲ. ಆದಕಾರಣ ಬರಿಯ ಪಿ.ಎಚ್. ನಳಿಗೆಯು ಕೂಸು ಕಕ್ಕುವುದನ್ನು ಕಣ್ಣೆದುರಿಗೇ ಕಾಣದೆ ಹೋಗಬಹುದು. ಹಿಂದೆ ಕೆಲವು ಕಡೆ ಇದಕ್ಕಾಗಿ ಪರೀಕ್ಷೆಯ ದಿನ ಹಾಲಿನ ಬದಲು ನಡುನಡುವೆ ಸೇಬಿನ ರಸವನ್ನು ಕುಡಿಸುತ್ತಿದ್ದರು. ಆ ರಸವೇ ಹುಳಿಯಾದುದರಿಂದ ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದು ತಪ್ಪು ಬಂದಿತು. ಹಾಲು ಕಕ್ಕುತ್ತಲೇ ನಗುತ್ತ ಮೈತುಂಬಿ ಬೆಳೆಯುತ್ತಿರುವ ಕೂಸಿಗೆ ಸಾಧಾರಣವಾಗಿ ಈ ಪರೀಕ್ಷೆಯ ಅಗತ್ಯವೇ ಇಲ್ಲ.

ಎಲೆ ಅಡಿಕೆಯ ಮಾತನ್ನು ಯಾವ ಇಂಗ್ಲಿಷ್ ಸೂಚನೆಯಲ್ಲಿಯೂ ನಾವು ಕಾಣೆವು. ಅಗಿಯುವುದರಿಂದ ಜೊಲ್ಲು ಹೆಚ್ಚಾಗುವುದು. ಎಲೆಗೆ ಸವರಿದ ಸುಣ್ಣವು ಕ್ಷಾರ. ಎರಡೂ ಆಮ್ಲವನ್ನು ತಗ್ಗಿಸುವ ಕಡೆಯವೇ. ದಿನವೂ ಹಾಕುವವರು ವೈದ್ಯರಿಗೆ ಮೊದಲೇ ತಿಳಿಸಿ, ಅವರು ಹೇಳಿದಂತೆ ನಡೆಯಬೇಕು. ಉರಿ ಬಂತೆಂದು ಅಡಿಗೆಯ ಸೋಡವನ್ನೋ ಹೊಟ್ಟೆಯುಬ್ಬರಕ್ಕೆ ಕುಡಿಯುವ ನೊರೆಯ ಪುಡಿಯನ್ನೋ ನೀರಿಗೆ ಹಾಕಿ ಕುಡಿಯುವುದಂತೂ ಆ ದಿನ ಕೂಡದು. ಅದು ಔಷಧವೇ ಸರಿ. ಮಾತ್ರೆಗಳ ವಿಷಯದಲ್ಲಿ ವಾಡಿಕೆಯ ನಿಯಮವೇನೆಂದರೆ, ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವನ್ನು 7 ದಿನ ಮುಂಚಿತವಾಗಿಯೂ, ಫ್ಯಾಮೊಟಿಡೀನ್ ಜಾತಿಯವನ್ನು 2-3 ದಿನ ಮುಂಚಿತವಾಗಿಯೂ ನಿಲ್ಲಿಸುವುದು. ರೋಗವಿರುವುದು ಮೊದಲೇ ಸಿದ್ಧವಾಗಿದ್ದು, ಮಾತ್ರೆಯು ಸಾಲುತ್ತಿದೆಯೇ ಎಂದು ನೋಡಲು ಮಾಡುವ ಪರೀಕ್ಷೆಯಲ್ಲಿ ಮಾತ್ರೆಯನ್ನು ನಿಲ್ಲಿಸುವುದಿಲ್ಲ. ಆದಕಾರಣ ವೈದ್ಯರನ್ನು ಕೇಳದೆ ಯಾರೂ ತಾವಾಗಿ ನಿಲ್ಲಿಸಲಾಗದು.

ನಳಿಗೆಯನ್ನು ಇಳಿಸುವುದಕ್ಕೆ ಮೊದಲು ಕೆಲವು ಗಂಟೆ ಬರಿಯ ಹೊಟ್ಟೆಯಲ್ಲಿರಬೇಕೆಂದು ಹೇಳುವರು. ಇಳಿಸುವಾಗ ವಾಂತಿಯಾಗಿ ಶ್ವಾಸಕ್ಕೆ ಸೇರಬಾರದೆಂಬುದಷ್ಟೇ ಅದರ ಉದ್ದೇಶ. ಆ ಉಪವಾಸವನ್ನು ದಿನವೆಲ್ಲ ಮುಂದುವರಿಸಬೇಕೆಂದು ತಿಳಿಯುವವರಿದ್ದಾರೆ, ಅದು ಸರಿಯಲ್ಲ. ಏಕಾದಶಿಯ ದಿನವಾಗಲಿ ರಂಜಾನಿನ ಉಪವಾಸದ ದಿನವಾಗಲಿ ಈ ಪರೀಕ್ಷೆಯನ್ನು ಇಟ್ಟುಕೊಳ್ಳಬಾರದು. ಹೋಳಿಗೆಯೂಟದ ಹಬ್ಬದ ದಿನವೂ ಬೇಡ. ಯಾವ ವಿಶೇಷವೂ ಇಲ್ಲದ ಬರಿಯ ಮಂಗಳವಾರವೋ ಬುಧವಾರವೋ ಉತ್ತಮ. ಮನುಷ್ಯನ ಒಂದು ದಿನ ಇನ್ನೊಂದು ದಿನದಂತಿಲ್ಲವೆಂಬುದನ್ನು ಅರಿತೇ ಈಗ ನಳಿಗೆಯಿಲ್ಲದ ಸಣ್ಣ ಗುಳಿಗೆಯೊಂದನ್ನು ಅನ್ನನಾಳದ ಗೋಡೆಗೆ ಕಚ್ಚಿಸಿ, 48ರಿಂದ 96 ಗಂಟೆಗಳವರೆಗೆ ತಂತಿಯಿಲ್ಲದೆ ಅಳತೆಯನ್ನು ಪಡೆಯುವ ಕ್ರಮವೂ ಇದೆ. ಕೆಲವು ದಿನಗಳಲ್ಲಿ ಅದು ತಾನಾಗಿಯೇ ಕಳಚಿ ಮಲದೊಡನೆ ಹೋಗುವುದು. ಅದಕ್ಕೆ ವೆಚ್ಚ ಹೆಚ್ಚು.

ಮೆಣಸಿನಕಾಯಿಯ ಮೇಲೆ ಒಂದು ಮಾತು. ಖಾರ ತಿಂದಾಗ ಉಂಟಾಗುವ ಉರಿಯೆಲ್ಲ ಆಮ್ಲದ ಉರಿಯಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತುವು, ಬಿಸಿಯನ್ನು ಅರಿಯುವ ನರಗಳ ತುದಿಗಳನ್ನೇ ಕೆರಳಿಸುವುದು. ಆಮ್ಲವು ಒಂದು ತೊಟ್ಟೂ ಬಾರದಿದ್ದರೂ ಎದೆ ಉರಿಯಬಹುದು. ಇಂಥವರಿಗೆ ಆಮ್ಲದ ಮಾತ್ರೆಗಳಿಂದ ಪ್ರಯೋಜನವಾಗದು. ಆದಕಾರಣವೇ, ದಿನವೂ ಖಾರದ ಚಟ್ನಿಯನ್ನು ತಿನ್ನುವವರು ಪರೀಕ್ಷೆಯ ದಿನವೂ ತಿಂದು, ಉರಿ ಬಂದ ನಿಮಿಷವನ್ನು ಬರೆದರೆ, ಅದು ಆಮ್ಲದ್ದೋ ಖಾರದ್ದೋ ಎಂಬುದು ಬೇರ್ಪಟ್ಟು ಕಾಣುವುದು.

ಎದೆಯುರಿ ಬಂದವರೆಲ್ಲ ಈ ಪರೀಕ್ಷೆಗೆ ಓಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಸಾಧಾರಣವಾದ ಉರಿಗೆ ವೈದ್ಯರು ಮೊದಲು 8 ವಾರ ಮಾತ್ರೆ ಕೊಟ್ಟು ನೋಡುವರು. ನುಂಗುವುದು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಕಪ್ಪಾಗುವುದು, ರಕ್ತ ಕಕ್ಕುವುದು ಇವು ಕಂಡರೆ ಒಳಗನ್ನು ಕಣ್ಣಿನಿಂದಲೇ ನೋಡುವ ಎಂಡೋಸ್ಕೋಪಿ ಬೇಕಾಗುವುದು. ಎದೆಯ ನೋವು ಭುಜಕ್ಕೋ ದವಡೆಗೋ ಹರಿದರೆ, ಬೆವರು ಬಂದರೆ, ಅದನ್ನು ಹುಳಿತೇಗೆಂದು ಕಡೆಗಣಿಸದೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ಹೃದಯದ ನೋವೂ ಈ ವೇಷದಲ್ಲಿ ಬರುವುದುಂಟು.

ನಮ್ಮ ಮಾವನವರ ಎರಡನೆಯ ಪರೀಕ್ಷೆ ಕೆಲವು ವಾರಗಳ ಮೇಲೆ ನಡೆಯಿತು. ಪಂಚಾಂಗದೊಳಗಿದ್ದ ಕಾಗದವನ್ನು ಹೊರಗೆ ತೆಗೆದು, ನಾವೇ ಕುಳಿತು ಕನ್ನಡದಲ್ಲಿ ಓದಿ ಹೇಳಿದೆವು. ಅತ್ತೆಯವರಿಗೆ ಮನಸ್ಸಿಲ್ಲದಿದ್ದರೂ ಎಂದಿನಂತೆ ಹುಳಿ, ಪಲ್ಯ, ಚಟ್ನಿ, ಮಜ್ಜಿಗೆಗಳ ಅಡಿಗೆಯಾಯಿತು. ರಾತ್ರಿಯ ಊಟ ಎಂದಿನಂತೆ ಒಂಬತ್ತೂವರೆಗೆ. ಮಾವನವರು ಮೂಗಿನ ನಳಿಗೆಯೊಡನೆಯೇ ಸಂಜೆ ದೇವಸ್ಥಾನದವರೆಗೆ ನಡೆದುಹೋಗಿ ಬಂದರು. ದಾರಿಯಲ್ಲಿ ಕೇಳಿದವರಿಗೆಲ್ಲ ಉತ್ತರ ಹೇಳುವುದರಲ್ಲಿಯೇ ಒಂದು ಗಂಟೆ ಕಳೆಯಿತಂತೆ. ಈ ಸಲದ ಲೆಕ್ಕ ನೂರಕ್ಕೆ ಆರನ್ನು ದಾಟಿತ್ತು. ವೈದ್ಯರು ದಿನಚರಿಯ ಕಾಗದವನ್ನು ಗೆರೆಗಳ ಪಕ್ಕದಲ್ಲಿಟ್ಟು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತ ಬಂದರು. “ರಾತ್ರಿ 11 ಗಂಟೆ 10 ನಿಮಿಷ: ಅಡಿಗೆಮನೆಯ ಡಬ್ಬದಿಂದ ಚಕ್ಕುಲಿ ಎರಡು. 11-14ಕ್ಕೆ ಮುಗಿಯಿತು. 11-20ಕ್ಕೆ ಮಲಗಿದ್ದು. 11-41ಕ್ಕೆ ಉರಿ.” ಗೆರೆಯನ್ನು ನೋಡಿದರೆ 11-40ಕ್ಕೆ ಆಮ್ಲವು ಸರ್ರನೆ ಮೇಲೆ ಬಂದಿತ್ತು. ವೈದ್ಯರು ಸಂತೋಷದಿಂದ ತಲೆಯಾಡಿಸಿದರು. ಆ ಚಕ್ಕುಲಿಯ ಸಂಗತಿ ಅತ್ತೆಯವರಿಗೆ ತಿಳಿದದ್ದು ಆಗಲೇ.